ಹೊಸ ಆಂಪ್ಲಿಫೈಯರ್ ತರಲು ಹೋದದ್ದು

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಚಿಕ್ಕಂದಿನಲ್ಲೇ ಹೆದರಿಸಿಟ್ಟಿದ್ದಳು. ಹನಗೋಡಿನಿಂದ ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದಾಗ ನನಗೆ 'ರೀ' ಎನ್ನುವುದಕ್ಕೂ ನಾಚಿಕೆ. ಜಗುಲಿಯಲ್ಲಿ ನಾಲ್ಕು ಜನ ಗಂಡಸರು ಕೂತಿದ್ದರೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೈಬಳೆಗಳನ್ನು ಒಂದಕ್ಕೊಂದು ತಾಗಿಸುತ್ತಿದ್ದೆ. ನಮ್ಮ ಮನೆಯವರು ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಿದ್ದರು. ಹೆತ್ತವಳು ಗಂಟಲು ಹರಿಯುವಂತೆ ಕೂಗಿದರೂ ಬಾರದವನು ಇವಳ ಗಾಜಿನ ಬಳೆಗೆ ಓಡೋಡಿ ಹೋಗುತ್ತಾನೆ ಎಂದು ನಮ್ಮತ್ತೆ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ನನಗೂ ಒಳಗೊಳಗೇ ಜಂಬ.

ಅವರ ಕಸುಬು ಮೈಕ್ ಸೆಟ್. ಹುಣಸೂರು, ಪಿರಿಯಾಪಟ್ಟಣದ ಸುತ್ತ ಎಲ್ಲಿ ಮದುವೆಯಾದರೂ ಹೋಗುತ್ತಿದ್ದರು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ಚಪ್ಪರ ಹಾಕಿದ ಗಳಿಗೆಯಿಂದ ಧಾರೆ ಮುಗಿಯುವವರೆಗೂ ಅದರ ಬುಡದಲ್ಲೇ ಕೂತಿರುವರು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಅವರಿಗೆ ಹೊಲಕ್ಕಿಂತ ಕಿವಿಯೇ ದೊಡ್ಡ ಆಸ್ತಿ. ಬಸ್ಸಿನಲ್ಲಿ ಹೋಗುವಾಗ ಯಾವುದೋ ಊರಿನ ಮೈಕ್ ಸದ್ದು ಕೇಳಿದರೆ ಸಾಕು, ಎರಡರಲ್ಲಿ ಒಂದು ಹಾರ್ನ್ ಕೆಟ್ಟಿದೆ ಎಂದು ಕೂತಲ್ಲೇ ಹೇಳಿಬಿಡುತ್ತಿದ್ದರು. ಇಳಿದು ಹೋಗಿ ರಿಪೇರಿ ಮಾಡಿಬನ್ನಿ, ನಾನು ಒಬ್ಬಳೇ ತವರಿಗೆ ಹೋಗುತ್ತೇನೆ ಎಂದು ನಾನು ರೇಗಿಸುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮದುವೆಗಳು ಛತ್ರಕ್ಕೆ ಹೋದವು. ಹಾರ್ನ್ ಕೇಳುವವರೇ ಇಲ್ಲದಂತಾಯಿತು. ಆಗ ಅವರು ಆಸೆಪಟ್ಟು ಮನೆಗೊಂದು ಹೋಂ ಥಿಯೇಟರ್ ತಂದರು. ಐದು ಸಣ್ಣ ಪೆಟ್ಟಿಗೆ, ಒಂದು ದೊಡ್ಡ ಪೆಟ್ಟಿಗೆ, ಎಲ್ಲಕ್ಕೂ ಸದ್ದು ಹಂಚುವ ಒಂದು ಆಂಪ್ಲಿಫೈಯರ್. ಭಾನುವಾರ ಅಕ್ಕಪಕ್ಕದವರನ್ನೆಲ್ಲ ಕೂರಿಸಿ ಸಿನಿಮಾ ಹಾಕುವರು. ಅವರ ಕಣ್ಣು ಟೀವಿಯ ಕಡೆ ಇರುತ್ತಲೇ ಇರಲಿಲ್ಲ. ಸದ್ದು ಕೇಳಿ ಜನ ಬೆಚ್ಚುವುದನ್ನೇ ನೋಡುತ್ತ ಕೂರುವರು.

ನಾಲ್ಕೈದು ವರ್ಷವಾದ ಮೇಲೆ ಅವರದು ಒಂದೇ ಗೋಳು. ಸೆಟ್ಟು ಮಂಕಾಗಿದೆ, ಟ್ರೆಬಲ್ ಅನ್ನುವ ಸಣ್ಣ ಕೀಚು ಸದ್ದು ಸತ್ತಿದೆ, ಗೋಣಿಚೀಲ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ವೈರು ಬದಲಾಯಿಸಿದರು, ಪೆಟ್ಟಿಗೆ ಬಿಚ್ಚಿ ಹಾಕಿದರು. ಟ್ರೆಬಲ್ಲಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಹೈಸ್ಕೂಲು ಓದುತ್ತಿದ್ದ ಮಗಳು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುವಳು. ನನ್ನ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಇಷ್ಟಿದ್ದರೂ ಸಾಲದು ಅಂತೀರಲ್ಲ ಎಂದು ನಾನು ಜಗಳಕ್ಕೆ ಹೋಗುತ್ತಿದ್ದೆ.

ನನಗೆ ಆಗ ಬೇರೆಯದೇ ಉರಿ. ಇವರು ನನ್ನ ಬಳೆಗೆ ಎದ್ದು ಬರುವುದನ್ನು ಬಿಟ್ಟಿದ್ದರು. ಒಂದು ದಿನ ನೆಂಟರು ಬಂದು ಕೂತಿದ್ದಾಗ ಹಾಲು ಒಡೆದುಹೋಯಿತು. ಬಾಗಿಲಲ್ಲಿ ನಿಂತು ಬಳೆ ಆಡಿಸಿದೆ. ಮತ್ತೆ ಆಡಿಸಿದೆ. ಬಂದಿದ್ದ ಹೆಂಗಸೊಬ್ಬಳು ತಿರುಗಿ ನೋಡಿ ನಕ್ಕಳು. ಇವರು ಮಾತ್ರ ಕಲ್ಲಿನ ಹಾಗೆ ಕೂತಿದ್ದರು. ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನಾನು ಬೇಡವಾದೆನೇ ಎಂದು ಒಲೆಯ ಮುಂದೆ ಕೂತು ಅತ್ತೆ. ಬಾಯಿ ಬಿಟ್ಟು ಕೇಳಲಿಲ್ಲ. ನನ್ನ ಹಟ ಅಂಥದ್ದು. ದಿನಾ ಬಳೆ ಆಡಿಸುತ್ತಿದ್ದೆ, ಬಾರದಿದ್ದರೆ ಮಗಳ ಕೈಲಿ ಹೇಳಿ ಕಳಿಸುತ್ತಿದ್ದೆ. ಅವರೂ ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಹೀಗೇ ಒಂದು ವರ್ಷ ಕಳೆಯಿತು.

ಆ ಹೊತ್ತಿಗೆ ಹೊಸ ನಮೂನೆಯ ಆಂಪ್ಲಿಫೈಯರ್ ಬಂದಿದೆ ಎಂದು ಯಾರೋ ಹೇಳಿದರು. ಹೈ ಡೆಫಿನಿಷನ್ ಆಡಿಯೋ ಅಂತೆ, ಎಲೆ ಅಲ್ಲಾಡಿದರೂ ಬಿಡಿಬಿಡಿಯಾಗಿ ಕೇಳಿಸುತ್ತದಂತೆ. ಇವರಿಗೆ ಅದೇ ಧ್ಯಾನ. ಹಳೆಯದನ್ನೇ ಇಟ್ಟುಕೊಳ್ಳುವುದೋ, ಬದಲಾಯಿಸುವುದೋ ಎಂದು ಊಟಕ್ಕೆ ಕೂತಾಗಲೆಲ್ಲ ತಾವೇ ಪ್ರಶ್ನೆ ಹಾಕಿ ತಾವೇ ಉತ್ತರ ಹೇಳುವರು. ಇರುವುದಕ್ಕೆ ಏನು ಕೇಡು ಎಂದು ನಾನು ಎರಡು ತಿಂಗಳು ಅಡ್ಡ ನಿಂತೆ. ಕೊನೆಗೆ, ಬರಲಿ, ಈ ಮನುಷ್ಯನ ಮುಖದಲ್ಲಿ ನಗೆಯಾದರೂ ಕಾಣಲಿ ಎಂದು ಒಪ್ಪಿಕೊಂಡೆ.

ಮೂವರೂ ಬಸ್ಸು ಹತ್ತಿ ಮೈಸೂರಿಗೆ ಹೋದೆವು. ಅಂಗಡಿಯವನು ಒಳ್ಳೆಯವನು. ನಮ್ಮನ್ನು ಪರದೆ ಹಾಕಿದ ಕೋಣೆಗೆ ಕರೆದುಕೊಂಡು ಹೋಗಿ ಮೆತ್ತನೆ ಕುರ್ಚಿಯಲ್ಲಿ ಕೂರಿಸಿದ. ಸದ್ದು ಬೆನ್ನ ಹಿಂದಿನಿಂದ ಶುರುವಾಗುತ್ತದೆ, ಗಮನವಿಟ್ಟು ಕೇಳಿ ಎಂದ. ಇವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಹಿಂದೆ ಮದುವೆಮನೆಗಳಲ್ಲಿ ಹಾರ್ನ್ ಪರೀಕ್ಷೆ ಮಾಡುವಾಗ ಕೂರುತ್ತಿದ್ದಂತೆ ಕೂತರು.

ಗೆಜ್ಜೆ ಸದ್ದು. ಯಾರೋ ಹುಡುಗಿ ನನ್ನ ಕುರ್ಚಿಯ ಹಿಂದೆಯೇ ನಡೆದುಹೋದಂತೆ ಕೇಳಿಸಿ, ಸೆರಗು ಎಳೆದುಕೊಂಡು ತಿರುಗಿ ನೋಡಿದೆ. ಮಗಳೂ ತಿರುಗಿದಳು. ಬರೀ ಗೋಡೆ. ಗೆಜ್ಜೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ನಿಂತಿತು. ನಾವಿಬ್ಬರೂ ಬೆರಗಾಗಿ ನಗುತ್ತಿದ್ದೆವು. ಇವರು ಕಣ್ಣು ತೆರೆದು ಅಂಗಡಿಯವನನ್ನು ಕೇಳಿದರು:

"ಇನ್ನೂ ಆನ್ ಮಾಡ್ಲಿಲ್ವಾ ಸಾರ್?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಮಗಳ ಮುಖ ನೋಡಿದೆ. ಇವರು ನಮ್ಮೆಲ್ಲರ ಮುಖ ನೋಡಿದರು. ಸೆಟ್ಟು ಚೆನ್ನಾಗಿದೆ, ಯೋಚನೆ ಮಾಡಿ ಹೇಳುತ್ತೇವೆ ಎಂದು ಇವರು ಮೆಲ್ಲಗೆ ಎದ್ದರು.

ಬಸ್ ಸ್ಟ್ಯಾಂಡಿನಲ್ಲಿ ಮಗಳು ನೀರು ತರಲು ಹೋದಳು. ಇವರು ಬೆಂಚಿನ ಮೇಲೆ ಬಸ್ಸುಗಳ ಕಡೆ ನೋಡುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಅವರ ಕಿವಿಯ ಹಿಂದೆ, ಒಂದು ಗೇಣು ದೂರದಲ್ಲಿ ಬಳೆ ಆಡಿಸಿದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಆಡಿಸಿದೆ. ನನ್ನ ಸೆರಗು ಭುಜಕ್ಕೆ ತಾಗಿ ತಿರುಗಿದರು. ನನ್ನ ಎರಡು ಕೈಗಳನ್ನು ಸುಮ್ಮನೆ ನೋಡಿದರು.

"ಈಗ್ಲೂ ಆಡಿಸ್ತೀಯಾ ಅಮ್ಮಿ?"

"ದಿನಾ ಆಡಿಸ್ತಿದ್ದೆ" ಎಂದೆ.

"ನೀನು ಬುಟ್ಬುಟ್ಟೆ ಅಂದ್ಕಂಡಿದ್ದೆ ಕಣಮ್ಮಿ. ವರ್ಸದ ಮೇಲಾಯ್ತು. ನಾನ್ಯಾವ ತಪ್ಪು ಮಾಡ್ದೆ ಅಂತ ಕೇಳಕ್ಕೆ ಬಾಯಿ ಬರ್ನಿಲ್ಲ."

ಅಷ್ಟು ಜನರ ಮಧ್ಯೆ ಕೂತು ನಾನು ಅತ್ತುಬಿಟ್ಟೆ. ಅವರ ಮೇಲೆ ವರ್ಷವಿಡೀ ಸಿಟ್ಟು ಮಾಡಿಕೊಂಡು, ಒಗ್ಗರಣೆ ಸೌಟು ಕುಕ್ಕಿಕೊಂಡು ತಿರುಗಾಡಿದ್ದೆನಲ್ಲ, ಆ ಹೊತ್ತಿನಲ್ಲಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅವರು ಹೆಗಲ ಮೇಲಿನ ಟವೆಲ್ಲನ್ನು ನನ್ನ ಕೈಗೆ ಕೊಟ್ಟರು.

ಮುಂದಿನ ವಾರ ಡಾಕ್ಟರಿಗೆ ತೋರಿಸಿದೆವು. ಹಾರ್ನಿನ ಬುಡದಲ್ಲಿ ಕೂತೂ ಕೂತೂ ಕಿವಿಯ ನರ ಸವೆದಿದೆ, ಸಣ್ಣ ಸದ್ದುಗಳು ಮೊದಲು ಹೋಗಿವೆ, ಮಿಕ್ಕದ್ದೂ ನಿಧಾನವಾಗಿ ಹೋಗುತ್ತದೆ, ಹೋದದ್ದು ಬರುವುದಿಲ್ಲ ಎಂದರು. ಆಂಪ್ಲಿಫೈಯರ್ ವಿಚಾರ ಅಲ್ಲಿಗೆ ನಿಂತಿತು. ಹಳೆಯದೇ ಸಾಕು ಎಂದು ಇವರೇ ಹೇಳಿದರು. ಟ್ರೆಬಲ್ಲಿನ ಗುಂಡಿಯನ್ನು ಅಂದೇ ಕೆಳಗಿಳಿಸಿ, ಇಷ್ಟು ಸಾಕೇನಮ್ಮ ಎಂದು ಮಗಳನ್ನು ಕೇಳಿದರು. ಅವಳು ತಲೆಯಾಡಿಸಿದಳು. ಕಿವಿಗೆ ಹಾಕುವ ಮಿಷನ್ ಕೊಡಿಸಿದ್ದೆವು. ಬರೀ ಗರಗರ ಎನ್ನುತ್ತದೆ ಎಂದು ಅದನ್ನು ದೇವರಗೂಡಿನ ಪಕ್ಕ ಇಟ್ಟುಬಿಟ್ಟರು.

ಡಾಕ್ಟರು ಹೇಳಿದಂತೆಯೇ ಆಯಿತು. ಗೆಜ್ಜೆ, ಬಳೆ ಹೋದ ಮೇಲೆ ಹಕ್ಕಿ ಹೋಯಿತು, ಮಗಳ ದನಿ ಹೋಯಿತು, ಕೊನೆಗೆ ನನ್ನದೂ. ಈಗ ಏನು ಹೇಳಬೇಕಾದರೂ ಸುತ್ತು ಹಾಕಿಕೊಂಡು ಅವರ ಎದುರಿಗೆ ಬಂದು ನಿಲ್ಲುತ್ತೇನೆ.

ಒಂದು ಮಧ್ಯಾಹ್ನ ಅವರು ಅಂಗಳದಲ್ಲಿ ನನಗೆ ಬೆನ್ನು ಹಾಕಿ ಕೂತು, ಮೈಕ್ ಸೆಟ್ಟಿನ ಹಳೆಯ ವೈರನ್ನು ಮೊಣಕೈಗೆ ಸುತ್ತುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಏನನ್ನಿಸಿತೋ ಏನೋ, ಮದುವೆಯಾದಾಗಿನಿಂದ ಬಾಯಲ್ಲಿ ಆಡದಿದ್ದ ಅವರ ಹೆಸರನ್ನು ಹೇಳಿದೆ. ಮತ್ತೊಮ್ಮೆ, ಗಟ್ಟಿಯಾಗಿ ಕೂಗಿದೆ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ ಗಾಬರಿಯಾಗಿ, ಬಾಯಿ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. ಅವರು ವೈರು ಸುತ್ತುತ್ತಲೇ ಇದ್ದರು.