ಕಂಬದ ಎರಡನೇ ತೂತು

ಕೊಗುರೆ ತೆತ್ಸುಜಿ ತನ್ನ ಜೀವಮಾನದಲ್ಲಿ ಮೂವತ್ತೊಂದು ಟವರು ನಿಲ್ಲಿಸಿದ. ಒಂದೂ ಬಿದ್ದಿಲ್ಲ. ಅಕಾಗಿ ಬೆಟ್ಟದಿಂದ ಚಳಿಗಾಲದ ಒಣಗಾಳಿ ಇಳಿದು ಬಂತೆಂದರೆ ನಮ್ಮೂರಿನಲ್ಲಿ ಹಂಚು ಹಾರುತ್ತದೆ, ಬಿಸಿಲಿಗೆ ಹಾಕಿದ ಹಾಸಿಗೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಕೊಗುರೆ ಬಿಗಿದ ನಟ್ಟು ಮಾತ್ರ ಅಲುಗುವುದಿಲ್ಲ. ಅವನದು ಟಿವಿ ರಿಪೇರಿ ಅಂಗಡಿ. ಮನೆಯಲ್ಲೇ ರೇಡಿಯೊ ಇಟ್ಟುಕೊಂಡು ಕಾಣದ ದೇಶದ ಕಾಣದ ಜನರ ಜತೆ ಹರಟುವ ಹುಚ್ಚು ಹಿಡಿದವರು ಸುತ್ತಲ ಊರುಗಳಲ್ಲಿ ಎಷ್ಟಿದ್ದರೋ ಅಷ್ಟೂ ಜನಕ್ಕೆ ಆಂಟೆನಾ ಏರಿಸಿಕೊಟ್ಟವನು ಅವನೇ. ಕೆಲಸ ಮುಗಿದ ಮೇಲೆ ಆಂಟೆನಾ ಹೊತ್ತ ಕಂಬಕ್ಕೂ ಅದನ್ನು ಹಿಡಿದ ಕ್ಲ್ಯಾಂಪಿಗೂ ಸೇರಿಸಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಕಂಬ ಚೂರು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಅದು ಅವನ ರುಜು.

ಇಷ್ಟೆಲ್ಲ ಇದ್ದೂ ಆ ಮನುಷ್ಯ ಐವತ್ತು ಚಿಲ್ಲರೆ ವರ್ಷ ಹೊಟ್ಟೆಕಿಚ್ಚಿನಲ್ಲಿ ಬೆಂದ. ಯಾರ ಮೇಲೆ ಎಂದರೆ, ಎರಡು ಬೀದಿಯಾಚೆಯ ಕ್ಷೌರಿಕ ಸುನಾಗ ಯೋಶಿಹಿಕೊ ಮೇಲೆ.

ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದೇ ದಿನ ಪರೀಕ್ಷೆ ಬರೆದು ರೇಡಿಯೊ ಲೈಸೆನ್ಸು ತೆಗೆದುಕೊಂಡವರು. ಸಮಸಮ ಎನ್ನುವುದು ಅಲ್ಲಿಗೇ ಮುಗಿಯಿತು. ಮೇಲಿನ ದರ್ಜೆ ಬೇಕೆಂದರೆ ಮೋರ್ಸ್ ಸದ್ದು ಕೇಳಿ ಅಕ್ಷರ ಬರೆಯಬೇಕಿತ್ತು. ಕೊಗುರೆ ಮೂರು ಸಲ ಟೋಕಿಯೊಗೆ ಹೋಗಿ ಮೂರು ಸಲವೂ ಮುಖ ಹುಳ್ಳಗೆ ಮಾಡಿಕೊಂಡು ಬಂದ. ಸುನಾಗ ಒಂದೇ ಏಟಿಗೆ ಪಾಸಾದ. ಆಮೇಲೆ ಅವನು ಅಂಗಡಿಯ ಮೂಲೆಯಲ್ಲಿ ರೇಡಿಯೊ ಸಣ್ಣಗೆ ಹಾಕಿಕೊಂಡು, ಗಿರಾಕಿಯ ಕುತ್ತಿಗೆಗೆ ಕತ್ತಿ ಆಡಿಸುತ್ತಲೇ, "ಚಿಲಿ ದೇಶದವನು. ಮೊಮ್ಮಗಳು ಹುಟ್ಟಿದಳಂತೆ," ಎನ್ನುವನು. ಗಿರಾಕಿಗೆ ಕೇಳುತ್ತಿದ್ದುದು ಬರೀ ಗುಯ್ ಗುಯ್.

ಆ ಕಿವಿ ತನಗೇಕಿಲ್ಲ ಎಂಬುದೇ ಕೊಗುರೆಯ ಸಂಕಟ. ಏರಿಸಿದವನು ತಾನು, ಬಿಗಿದವನು ತಾನು, ಜನ ಕೊಂಡಾಡುವುದು ಕೆಳಗೆ ಕುರ್ಚಿಯಲ್ಲಿ ಕೂತವನನ್ನು. ಸುನಾಗನಿಗೋ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತು. ಇವನು ಹತ್ತದಿದ್ದರೆ ಅವನ ಚಿಲಿ ಎಲ್ಲಿ, ಮೊಮ್ಮಗಳೆಲ್ಲಿ?

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಈ ರೇಡಿಯೊದವರು ಹರಟೆಗೆ ಮೊದಲು ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ. ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ ಐದರವರೆಗೆ, ಎಷ್ಟು ಜೋರು ಎಂಬುದಕ್ಕೆ ಒಂಬತ್ತರವರೆಗೆ. ಸಾಮಾನ್ಯವಾಗಿ ಎಲ್ಲರೂ ಎಲ್ಲರಿಗೂ ಐದು, ಒಂಬತ್ತು ಎಂದುಬಿಡುತ್ತಾರೆ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುವುದಿಲ್ಲವೆ, ಹಾಗೆ. ಸುನಾಗ ಆ ಪೈಕಿಯಲ್ಲ. ಸುಳ್ಳು ಅಂಕ ಕೊಡಲು ಅವನಿಗೆ ಬಾಯಿಯೇ ಬರುತ್ತಿರಲಿಲ್ಲ. ಎರಡು ಬೀದಿಯಾಚೆಯ ಬಾಲ್ಯದ ಗೆಳೆಯನಿಗೆ ಅವನು ಕೊಟ್ಟದ್ದು ನಾಲ್ಕು, ಒಂಬತ್ತು.

"ಜೋರೇನೋ ಇದೆ, ತೆತ್ಸು. ಆದ್ರೆ ನೀನು ಮಾತು ನುಂಗ್ತೀಯ," ಎಂದಿದ್ದ.

ಆಮೇಲೂ ಅಷ್ಟೇ. ಮೈಕು ಬದಲಾಯಿಸಿದರೂ ನಾಲ್ಕು, ಹೊಸ ಸೆಟ್ಟು ತಂದರೂ ನಾಲ್ಕು. ಕೊಗುರೆ ಕೊನೆಗೆ ಅವನನ್ನು ರೇಡಿಯೊದಲ್ಲಿ ಕರೆಯುವುದನ್ನೇ ಬಿಟ್ಟ. ಕ್ಷೌರಕ್ಕೆ ಮಾತ್ರ ಹೋಗುತ್ತಿದ್ದ, ಊರಿನಲ್ಲಿ ಬೇರೆ ಕ್ಷೌರದಂಗಡಿ ಇರಲಿಲ್ಲ.

ಸುನಾಗನ ಟವರು ಕೊಗುರೆಯ ಕೈಯ ಕೆಲಸಗಳಲ್ಲೆಲ್ಲ ಮೇಲು. ಅಂಗಡಿಯ ಹಿಂದೆ ಇಪ್ಪತ್ತೆರಡು ಮೀಟರು ಎತ್ತರ, ತುದಿಯಲ್ಲಿ ಐದು ಉದ್ದ ಕಡ್ಡಿಗಳ ಆಂಟೆನಾ. ಬೇಕಾದ ದೇಶದ ಕಡೆಗೆ ಅದನ್ನು ತಿರುಗಿಸಲು ಮೇಲೊಂದು ಮೋಟರು, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತೋರಿಸಲು ಕೆಳಗೆ ಮುಳ್ಳಿರುವ ಡಬ್ಬಿ. ಇಬ್ಬರಿಗೂ ಮೂವತ್ತೇಳು ನಡೆಯುತ್ತಿದ್ದಾಗ ಟೋಕಿಯೊದ ಒಂದು ಪತ್ರಿಕೆಯವರು ಆ ಟವರಿನ ಫೋಟೊಕ್ಕೆ ಬಂದರು. ಕೊಗುರೆ ಹೊಸ ಹೆಲ್ಮೆಟ್ಟು ಹಾಕಿಕೊಂಡು ತುದಿಯಲ್ಲಿ ಒಂದು ಗಂಟೆ ನಿಂತ. ತಿಂಗಳಾದ ಮೇಲೆ ಪತ್ರಿಕೆ ಬಂತು. ಪುಟದ ತುಂಬ ಸುನಾಗ, ಬಿಳಿ ಕೋಟು, ನಗು, ಹಿಂದೆ ಟವರು. ಮೇಲಿನ ಅಂಚಿನಲ್ಲಿ ಎರಡು ಬೂಟು. ಬೂಟಿನಿಂದ ಮೇಲಕ್ಕೆ ಕೊಗುರೆ ಕತ್ತರಿಸಿ ಹೋಗಿದ್ದ.

"ಬೂಟು ಚೆನ್ನಾಗಿ ಬಂದಿದೆ ಕಣ್ರೀ," ಎಂದಳು ಹೆಂಡತಿ ನೊಬುಕೊ. ಪಾಪ, ಸಮಾಧಾನಕ್ಕೆಂದೇ ಹೇಳಿದ್ದು. ಅವನು ಅವತ್ತಿನ ಊಟ ಬಿಟ್ಟ.

ಆ ನವೆಂಬರಿನಲ್ಲಿ, ವರ್ಷಕ್ಕೊಮ್ಮೆಯ ಕೆಲಸಕ್ಕೆಂದು, ಗ್ರೀಸು ಹಚ್ಚಿ ನಟ್ಟು ಬಿಗಿಯಲೆಂದು ಟವರು ಹತ್ತಿದ. ಕೆಳಗೆ ಸುನಾಗ ಯಾರಿಗೋ ಆ ಪತ್ರಿಕೆಯನ್ನು ತೋರಿಸುತ್ತಿದ್ದ. ಕೊಗುರೆ ಸ್ಪ್ಯಾನರು ಎತ್ತಿಕೊಂಡ. ಕ್ಲ್ಯಾಂಪು ಸಡಿಲಿಸಿದ. ಕಂಬವನ್ನು ಒಂದು ಬೆರಳಗಲ ತಿರುಗಿಸಿದ. ಕಂಬವನ್ನು ತೂರಿ ಹಿಡಿಯುವ ಅಡ್ಡ ಬೋಲ್ಟಿಗೆ ಕಂಬದಲ್ಲಿ ಹೊಸದೊಂದು ತೂತು ಕೊರೆದು ಬಿಗಿದುಬಿಟ್ಟ. ಕಂಬದಲ್ಲಿ ಒಂದು ಬೆರಳಗಲವೆಂದರೆ ಆಂಟೆನಾ ಮೂವತ್ತು ಡಿಗ್ರಿ ಓರೆ. ಕೆಳಗಿನ ಮುಳ್ಳು ಉತ್ತರ ಎನ್ನುವಾಗ ಮೇಲಿನದು ಈಶಾನ್ಯದ ಕಡೆ ನೋಡುತ್ತಿರುತ್ತದೆ, ಬರಬೇಕಾದ ದನಿ ಅರ್ಧಕ್ಕರ್ಧ ಸೋರಿಹೋಗುತ್ತದೆ. ಜೋರು ಗಾಳಿಗೆ ಕಂಬ ಜಾರುವುದುಂಟು. ಆದರೆ ಗಾಳಿ ತೂತು ಕೊರೆಯುವುದಿಲ್ಲ.

ಸುನಾಗ ಬರುತ್ತಾನೆ, ತೆತ್ಸು ಏನೋ ಸರಿಯಿಲ್ಲ ನೋಡೋ ಎನ್ನುತ್ತಾನೆ, ನಿನ್ನ ಕಿವೀನೇ ಕೆಟ್ಟಿರಬೇಕು ಎಂದು ತಾನು ಹೇಳಬೇಕು. ಇಷ್ಟು ಯೋಚಿಸಿಟ್ಟುಕೊಂಡು ಕಾದ. ಸುನಾಗ ಬರಲಿಲ್ಲ. ಪೆರು, ಫಿನ್‌ಲ್ಯಾಂಡ್ ಎಂದು ಎಲ್ಲೆಲ್ಲಿಂದಲೋ ಅವನಿಗೆ, ನಿನ್ನ ದನಿ ಕೇಳಿತು ಎಂದು ಬರೆದ ಕಾರ್ಡುಗಳು ಮೊದಲಿನಂತೆಯೇ ಬರುತ್ತಿದ್ದವು. ಓರೆಯಾದ ಆಂಟೆನಾದಲ್ಲೇ ಇಷ್ಟು ಮಾಡುತ್ತಾನೆ, ನೆಟ್ಟಗಿದ್ದಿದ್ದರೆ ಇನ್ನೆಷ್ಟು ಮಾಡುತ್ತಿದ್ದನೋ ಎಂದು ಕೊಗುರೆಗೆ ಇನ್ನೂ ಉರಿಯಿತು. ಮಾಡಿದ ಕೇಡೂ ಹತ್ತಲಿಲ್ಲವಲ್ಲ ಎಂದು ಕೈ ಕೈ ಹಿಸುಕಿಕೊಂಡ.

ಆಮೇಲೆ ಪ್ರತಿ ನವೆಂಬರಿನಲ್ಲೂ ಹತ್ತಿದ. ಮುರಿದ ಬಿಳಿ ಗೆರೆ ನೋಡಿದ. ಇಳಿದು ಬಂದು, ಸುನಾಗನ ಹೆಂಡತಿ ಸೆತ್ಸುಕೊ ಸಿಹಿ ಸೋಯಾ ಗೊಜ್ಜು ಮಿಸೊ ಸವರಿ ಸುಟ್ಟುಕೊಟ್ಟ ಮಂಜು ಎಂಬ ಬನ್ನು ತಿಂದು, ಚಹಾ ಕುಡಿದು ಮನೆಗೆ ಹೋದ. ಅರ್ಧ ಗಂಟೆಯ ಕೆಲಸ, ಸರಿಮಾಡಬಹುದಿತ್ತು. ಮಾಡಲಿಲ್ಲ. ಹೀಗೆ ಮೂವತ್ತಮೂರು ವರ್ಷ.

ಎಪ್ಪತ್ತು ತುಂಬಿದ ವರ್ಷ ಸುನಾಗನ ಕಿವಿ ಕೈಕೊಟ್ಟಿತು. ಎರಡೂ ಕಿವಿಗೆ ಯಂತ್ರ ಬಂತು. ಮಾತು ಹೇಗೋ ಕೇಳುತ್ತದೆ, ಮೋರ್ಸಿನ ಸಣ್ಣ ಸದ್ದು ಹೋಯಿತು. ಸುದ್ದಿ ತಿಳಿದಾಗ, ಸುಳ್ಳೇಕೆ ಹೇಳಬೇಕು, ಕೊಗುರೆಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ಒಂದು ವಾರ ಉಳಿಯಿತು. ವಾರ ಕಳೆದ ಮೇಲೆ ಸುನಾಗ ಅವನ ಅಂಗಡಿಗೇ ಬಂದ.

"ಟವರು ಇಳಿಸ್ತೀನಿ, ತೆತ್ಸು."

"ಇಳಿಸು."

"ನಿನ್ನ ಮಂಡಿ ಕೆಟ್ಟಿದೆಯಲ್ಲ. ಅದಕ್ಕೆ ಮಾಎಬಾಶಿಯ ಟವರು ಕೆಲಸದವನು ಕನೈಗೆ ಹೇಳಿದೀನಿ. ಭಾನುವಾರ ಕ್ರೇನ್ ತರ್ತಾನೆ. ರೇಡಿಯೊ ಕ್ಲಬ್ಬಿನವರೆಲ್ಲ ಬರ್ತಾರಂತೆ. ನೀನು ಕುರ್ಚಿ ಹಾಕ್ಕೊಂಡು ಕೂತು ನೋಡು."

ಕೊಗುರೆಗೆ ಭಾನುವಾರ ಕಣ್ಣ ಮುಂದೆ ಬಂತು. ಕನೈ ಕ್ಲ್ಯಾಂಪು ಬಿಚ್ಚುತ್ತಾನೆ. ಮುರಿದ ಗೆರೆ, ಪಕ್ಕಪಕ್ಕದಲ್ಲಿ ಎರಡು ತೂತು. ಟವರು ಹತ್ತುವ ಯಾರೇ ಆಗಲಿ, ನೋಡಿದ ಕೂಡಲೇ ಇದು ಬೇಕೆಂದೇ ಮಾಡಿದ್ದು ಎನ್ನುತ್ತಾರೆ. ಅದೂ ಇಡೀ ಕ್ಲಬ್ಬಿನ ಎದುರು. ಮೂವತ್ತೊಂದು ಟವರಿನ ಹೆಸರು ಒಂದು ಭಾನುವಾರಕ್ಕೆ ಮಣ್ಣುಪಾಲು.

"ಯಾರೂ ಮುಟ್ಬೇಡಿ. ನಾನು ಹಾಕಿದ್ದು, ನಾನೇ ಬಿಚ್ತೀನಿ."

"ಎಪ್ಪತ್ತಕ್ಕೆ ಇಪ್ಪತ್ತೆರಡು ಮೀಟರು ಹತ್ತೋದೇನೋ?"

"ನಿನ್ನ ಕಿವಿ ಹೋಯ್ತು ಅಂತ ನನ್ನ ಕಾಲೂ ಹೋಗ್ಬೇಕೇನು?"

ಸುನಾಗ ನಕ್ಕುಬಿಟ್ಟ. ಅವನಿಗೆ ಸಿಟ್ಟೂ ಬರುವುದಿಲ್ಲ, ದರಿದ್ರದವನಿಗೆ.

ಭಾನುವಾರ ಬೆಳಗ್ಗೆ ನೊಬುಕೊ ಗಂಡನ ಬೂಟು ಬಚ್ಚಿಟ್ಟಳು. "ಯಾಕ್ರೀ ಈ ಹಟ? ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತೋಳು ನಾನಲ್ವಾ?" ಎಂದಳು. ಅವನು ಹಳೆಯ ಬೂಟು ಹುಡುಕಿ ಹಾಕಿಕೊಂಡ. ಚೀಲದಲ್ಲಿ ಸ್ಪ್ಯಾನರಿನ ಜತೆಗೆ ಒಂದು ಸುರುಳಿ ಕಪ್ಪು ಟೇಪು, ಬಣ್ಣ ಕೆರೆಯಲು ಒಂದು ತಗಡು. ಕ್ಲ್ಯಾಂಪು ಬಿಚ್ಚುತ್ತಲೇ ಗೆರೆ ಕೆರೆದು ತೂತಿನ ಮೇಲೆ ಟೇಪು ಸುತ್ತಿದರೆ ಕೆಲಸ ಮುಗಿಯಿತು. ಗುಟ್ಟು ಕಂಬದ ಜತೆ ಗುಜರಿಗೆ ಹೋಗುತ್ತದೆ.

ಗಾಳಿ ಇರಲಿಲ್ಲ. ಅಂಗಡಿಯ ಹಿಂದೆ ಕ್ಲಬ್ಬಿನ ಹನ್ನೆರಡು ಜನ ಸೇರಿದ್ದರು, ಎಲ್ಲರ ಕೈಯಲ್ಲೂ ಪುಟ್ಟ ರೇಡಿಯೊ, ಎಲ್ಲವೂ ಒಂದೇ ಚಾನೆಲ್ಲಿನಲ್ಲಿ. ಕನೈ ನಲವತ್ತರ ಆಸುಪಾಸಿನವನು, ಮೈತುಂಬ ಬೆಲ್ಟು ಕೊಕ್ಕೆ ಕಟ್ಟಿಕೊಂಡು ನಿಂತಿದ್ದ.

"ನಿಮ್ಮೊಬ್ಬರನ್ನೇ ಬಿಡೋಕಾಗಲ್ಲ, ಕೊಗುರೆ-ಸಾನ್. ಹಿಂದೆ ನಾನೂ ಬರ್ತೀನಿ."

ಬೇಡವೆಂದರೆ ಅನುಮಾನ ಬರುತ್ತದೆ. ಕೊಗುರೆ ಹಲ್ಲು ಕಚ್ಚಿಕೊಂಡು ಹತ್ತಿದ. ಒಂದೊಂದು ಮೆಟ್ಟಿಲಿಗೂ ಮಂಡಿ ಕಿರುಗುಟ್ಟಿತು. ತುದಿ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಕ್ರೇನ್ ಉತ್ತರದ ಓಣಿಯಲ್ಲಿ ನಿಂತಿದ್ದರಿಂದ ಆಂಟೆನಾದ ಮುಖವೂ ಆ ಕಡೆಗೇ ಇರಬೇಕು.

"ಉತ್ತರಕ್ಕೆ ತಿರುಗಿಸು," ಎಂದ ರೇಡಿಯೊದಲ್ಲಿ.

ಡಬ್ಬಿಯ ಮುಂದೆ ಕೂತಿದ್ದವನು ಸುನಾಗ. ಆಂಟೆನಾ ಈಗ ಈಶಾನ್ಯಕ್ಕೆ ಬಂದು ನಿಲ್ಲುತ್ತದೆ, ಮೋಟರು ಹಳತಾಗಿದೆ ಅನ್ನಬೇಕು, ಇನ್ನೂ ಸ್ವಲ್ಪ ಎಡಕ್ಕೆ ಅನ್ನಬೇಕು ಎಂದು ಕೊಗುರೆ ಬಾಯಲ್ಲೇ ಮಾತು ಸಿದ್ಧ ಮಾಡಿಕೊಂಡ. ಮೋಟರು ಗೊರಗುಟ್ಟಿತು. ಆಂಟೆನಾ ತಿರುಗಿ ನಿಂತಿತು. ಅಕಾಗಿ ಬೆಟ್ಟಕ್ಕೆ ನೇರ, ಅಪ್ಪಟ ಉತ್ತರ.

ಕೊಗುರೆಗೆ ಏನೂ ತಿಳಿಯಲಿಲ್ಲ. "ಮುಳ್ಳು ಎಲ್ಲಿದೆ?"

"ಮುನ್ನೂರ ಮೂವತ್ತು ಡಿಗ್ರಿ. ಸೊನ್ನೆಗೆ ಮೂವತ್ತು ಹಿಂದೆ, ಕೆಂಪು ಗುರುತಿನ ಮೇಲೆ."

"ಯಾವ ಕೆಂಪು ಗುರುತು?"

"ಸೆತ್ಸುಕೊದು ಉಗುರಿನ ಬಣ್ಣ. ಆ ಬೂಟಿನ ಫೋಟೊ ಬಂತಲ್ಲ, ಆ ವರ್ಷ ಹಚ್ಚಿದ್ದು. ನಮ್ಮನೇಲಿ ಉತ್ತರ ಅಂದ್ರೆ ಅದೇ."

ಬೂಟಿನ ಫೋಟೊ. ಹಾಗಾದರೆ ಅವತ್ತೇ ಗೊತ್ತಾಗಿದೆ. ಏಕೆ ಮಾಡಿದ್ದೆಂಬುದೂ ಗೊತ್ತಾಗಿದೆ. ಮೂವತ್ತಮೂರು ನವೆಂಬರು ಎದುರು ಕೂತು ಮಂಜು ತಿನ್ನಿಸಿದ್ದಾನೆ. ಕ್ರೇನಿನ ಕೊಕ್ಕೆ ಬಂತು, ಆಂಟೆನಾಕ್ಕೆ ಸಿಕ್ಕಿಸಿದ್ದಾಯಿತು. ಅವನು ಸ್ಪ್ಯಾನರನ್ನು ತಪ್ಪು ನಟ್ಟಿಗೆ ಹಾಕುವುದನ್ನು ಕಂಡು ಕನೈ ಸ್ಪ್ಯಾನರು ತಾನೇ ಇಸಿದುಕೊಂಡು ಕ್ಲ್ಯಾಂಪು ಬಿಚ್ಚಿದ. ಬಿಚ್ಚಿದವನು ಕಂಬವನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ ರೇಡಿಯೊ ಬಾಯಿಗೆ ಹಿಡಿದು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದ.

"ಇಲ್ಲಿ ಗೆರೆ ಕೂಡ್ತಾ ಇಲ್ಲ. ಕಂಬದಲ್ಲಿ ಎರಡನೇ ತೂತು ಬೇರೆ ಇದೆ. ಇದನ್ನ ಯಾರು ಕೊರೆದಿದ್ದು?"

ಕೆಳಗೆ ಹನ್ನೆರಡು ತಲೆಗಳು ಮೇಲೆದ್ದವು.

"ಅದು ನಾನೇ ಹೇಳಿ ಹಾಕಿಸಿದ್ದು," ಎಂದ ಸುನಾಗ. "ಡಬ್ಬಿಯ ಮುಳ್ಳು ಸೊನ್ನೆ ಹತ್ರ ಅಂಟ್ಕೊಳ್ತಿತ್ತು. ಕಂಬಾನೇ ತಿರುಗಿಸಿಬಿಡು ಅಂದೆ. ತೆತ್ಸು ಪಾಪ ಬೇಡ ಅಂತಾನೇ ಅಂದ, ನಾನು ಕೇಳ್ಲಿಲ್ಲ."

ಹೌದಾ, ಸರಿ ಸರಿ ಎಂದು ಕೆಳಗಿನವರು ತಲೆಯಾಡಿಸಿದರು. ಅಷ್ಟೇ. ಟೇಪೂ ಬೇಕಾಗಲಿಲ್ಲ, ತಗಡೂ ಬೇಕಾಗಲಿಲ್ಲ. ಸುಳ್ಳು ಅಂಕ ಕೊಡಲು ಬಾಯಿ ಬಾರದವನು ಹನ್ನೆರಡು ಜನರ ಮುಂದೆ ನುಣ್ಣನೆಯ ಸುಳ್ಳು ಹೇಳಿ ಗೆಳೆಯನ ಮಾನ ಉಳಿಸಿದ. ಕೊಗುರೆ ಸುಮ್ಮನೆ ಇಳಿದು ಬರಬಹುದಿತ್ತು.

ಆದರೆ ಕೊಗುರೆ ಇಳಿಯಲಿಲ್ಲ. ಕಿವಿ ಸುನಾಗನದು. ಹೆಸರು ಅವನದು. ಫೋಟೊ ಅವನದು. ಈಗ ದೊಡ್ಡ ಮನಸ್ಸೂ ಅವನದೇ ಆಗಬೇಕೆ? ಬದುಕಿರುವಷ್ಟು ದಿನ ಆ ಋಣ ಹೊತ್ತುಕೊಂಡು, ಆ ನಗುಮುಖದ ಮುಂದೆ ತಲೆ ಕೊಟ್ಟು ಕ್ಷೌರ ಮಾಡಿಸಿಕೊಳ್ಳಬೇಕೆ? ಇದೊಂದನ್ನು ಮಾತ್ರ ಅವನಿಗೆ ಬಿಟ್ಟುಕೊಡುವುದಿಲ್ಲ ಎಂದುಕೊಂಡ. ರೇಡಿಯೊದ ಗುಂಡಿ ಒತ್ತಿದ.

"ಅದು... ಅಲ್ಲ... ನಾನು..." ಉಳಿದದ್ದು ಗಂಟಲಲ್ಲೇ ಹೋಯಿತು.

"ಕೇಳಿಸ್ಲಿಲ್ಲ, ತೆತ್ಸು. ಕಿವಿ ಸರಿಯಿಲ್ಲ ನಂದು. ಇಳಿದು ಬಾ, ಮಂಜು ಆರಿಹೋಗುತ್ತೆ."

ನಿಜವಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಗೆಳೆಯ ತಪ್ಪಿಸಿಕೊಳ್ಳಲೆಂದು ಬಾಗಿಲು ತೆರೆದಿಟ್ಟನೋ, ಇವತ್ತಿಗೂ ನಮಗೆ ಯಾರಿಗೂ ಗೊತ್ತಿಲ್ಲ. ಕೊಗುರೆ ರೇಡಿಯೊವನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದ. ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದ.

"ಸುಳ್ಳು ಹೇಳ್ಬೇಡ, ಯೋಶಿಹಿಕೊ. ಎರಡನೇ ತೂತು ನಾನೇ ಕೊರೆದಿದ್ದು. ಹೊಟ್ಟೆಕಿಚ್ಚಿಗೆ ಕೊರೆದಿದ್ದು. ಮೂವತ್ಮೂರು ವರ್ಷ ಬೇಕಂತಾನೇ ಸರಿಮಾಡ್ಲಿಲ್ಲ."

ಕೆಳಗೆ ಯಾರೂ ತಲೆಯೆತ್ತಲಿಲ್ಲ. ಚಹಾ ಹಂಚಲು ಬಂದಿದ್ದ ನೊಬುಕೊ ತಟ್ಟೆ ಹಿಡಿದವಳು ಹಿಡಿದಂತೆಯೇ ನಿಂತಳು. ಕನೈ ಬೆಟ್ಟದ ಕಡೆ ತಿರುಗಿಕೊಂಡ. ರೇಡಿಯೊ ಚಿಟಕ್ ಎಂದಿತು.

"ಐದು, ಒಂಬತ್ತು," ಎಂದ ಸುನಾಗ.