ಮಗಳು ಚಿಕ್ಕಮ್ಮನಿಗೆ ಹೇಳಿದ್ದು

ಮಕ್ಕಳನ್ನು ಇಂಟರ್ನೆಟ್ಟಿನ ಅಪಾಯಗಳಿಂದ ಕಾಪಾಡುವುದು ಹೇಗೆ ಎಂದು ಅಪ್ಪ ಅಮ್ಮಂದಿರಿಗೆ ಹೇಳಿಕೊಡುವ ಕೆಲಸ ನನಗೆ ಆಕಸ್ಮಿಕವಾಗಿ ಬಂತು. ನಾನು ಗೌರಿಬಿದನೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ತರಬೇತಿಗೆ ಹೋಗಬೇಕಿದ್ದವರಿಗೆ ಜ್ವರ ಬಂದು ನನ್ನನ್ನು ಕಳಿಸಿದರು. ವಾಪಸು ಬಂದು ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಅಂತ ಕಾಣುತ್ತದೆ. ಆಮೇಲೆ ಮಂಡಿಕಲ್ಲು, ಚಿಂತಾಮಣಿ, ಶಿಡ್ಲಘಟ್ಟದ ಶಾಲೆಗಳಿಂದಲೂ ಕರೆ ಬಂತು. ಹೋದಲ್ಲೆಲ್ಲ ಶಾಲು ಹೊದಿಸುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು.

ನಮ್ಮದು ಒಂದೇ ಕಟ್ಟಡದಲ್ಲಿ ಎರಡು ಮನೆ. ಮೇಲೆ ನಾನು, ನನ್ನ ಗಂಡ, ಎಂಟನೇ ತರಗತಿಯ ಮಗಳು. ಕೆಳಗೆ ಮೈದುನನ ಸಂಸಾರ. ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಆಂಧ್ರದ ಗಡಿಯ ನಗರಗೆರೆ ಕಡೆಯವಳು, ಮನೆಮಾತು ತೆಲುಗು. ಪಿಯುಸಿಯಲ್ಲಿ ಫೇಲಾಗಿ ಓದು ಬಿಟ್ಟು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನನ್ನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಇಳಿಸುತ್ತಿದ್ದದ್ದು ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ. ನಾನು ಮಂಡ್ಯದ ಕಡೆಯಿಂದ ಬಂದವಳು, ತೆಲುಗು ಬರುವುದಿಲ್ಲ. ಅವರಿಬ್ಬರೂ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಆ ನಗು ಕೇಳುತ್ತಿದ್ದೆ. 'ಏನಂತೆ?' ಎಂದು ಕೇಳಿದರೆ ಮಗಳು 'ಕನ್ನಡದಲ್ಲಿ ಹೇಳಿದ್ರೆ ಮಜಾ ಇರಲ್ಲಮ್ಮ' ಅನ್ನುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು. ಹೆತ್ತವಳು ನಾನು, ಫೀಸು ಪುಸ್ತಕ ನೋಡಿಕೊಳ್ಳುವವಳು ನಾನು, ನಗುವುದು ಮಾತ್ರ ಅವಳ ಜೊತೆ.

ಮಗಳ ಫೋನಿಗೆ ನಮ್ಮ ಮನೆಯಲ್ಲಿ ಕಟ್ಟುನಿಟ್ಟಿನ ನಿಯಮಗಳಿದ್ದವು. ಎಂಟು ಗಂಟೆಗೆ ಫೋನು ನನ್ನ ಕೈಗೆ ಬರಬೇಕು. ಪಾಸ್‌ವರ್ಡ್ ನನಗೆ ಗೊತ್ತಿರಬೇಕು. ವಾರಕ್ಕೊಮ್ಮೆ ಮೆಸೇಜು, ಫೋಟೊ, ಕಾಲ್ ಎಲ್ಲ ತೆಗೆದು ನೋಡುತ್ತಿದ್ದೆ. ಗೊತ್ತಿಲ್ಲದವರ ಜೊತೆ ಒಂದು ಮಾತಾಡಿದರೂ ಫೋನು ಕಿತ್ತುಕೊಳ್ಳುತ್ತೇನೆ ಎಂದಿದ್ದೆ. ಈ ನಿಯಮಗಳನ್ನೇ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ.

ಒಂದು ಶನಿವಾರ ಶಿಡ್ಲಘಟ್ಟದ ಸಭೆ ಮುಗಿಸಿ ಮೂರು ಗಂಟೆ ಹೊತ್ತಿಗೆ ಮನೆಗೆ ಬಂದೆ. ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಅವರಿಬ್ಬರೂ ತಲೆಗೆ ತಲೆ ತಾಗಿಸಿ ಕೂತು ಫೋನು ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಮಾತು ನಿಂತಿತು.

'ಏನೇ ಅದು?'

'ಏನಿಲ್ಲಮ್ಮ.'

ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಮಗಳನ್ನು ಮೇಲೆ ಕರೆದುಕೊಂಡು ಹೋಗಿ ಫೋನು ಈಸಿಕೊಂಡೆ. ಚಿತ್ರ ಬರೆದು ಹಾಕುವ ಒಂದು ಆಪ್ ತೆರೆದೇ ಇತ್ತು. ಅವಳು ರಂಗೋಲಿ ಬಿಡಿಸಿ ಅದರಲ್ಲಿ ಹಾಕುವುದು ನನಗೆ ಗೊತ್ತಿತ್ತು. ರಂಗೋಲಿ ತಾನೇ ಎಂದು ಒಂದು ದಿನವೂ ಒಳಗೆ ಇಣುಕಿರಲಿಲ್ಲ. ಅದರಲ್ಲೂ ಮೆಸೇಜು ಕಳಿಸಬಹುದೆಂದು ಆವತ್ತೇ ಗೊತ್ತಾದದ್ದು.

ಚಿಂತಾಮಣಿಯ ಒಂಬತ್ತನೇ ಕ್ಲಾಸಿನ ಹುಡುಗಿ ಎಂದು ಹೇಳಿಕೊಂಡ ಯಾರೋ ಎರಡು ತಿಂಗಳಿಂದ ಬರೆಯುತ್ತಿದ್ದರು. ಮೊದಮೊದಲು ಚುಕ್ಕಿ ಲೆಕ್ಕ, ಬಣ್ಣದ ಮಾತು. ಆಮೇಲೆ ನಿನ್ನ ಫೋಟೊ ಕಳಿಸು ಎಂದು. ಮಗಳು ಯೂನಿಫಾರ್ಮಿನಲ್ಲಿರುವ ಒಂದು ಫೋಟೊ ಕಳಿಸಿದ್ದಳು. ಆಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಕ್ಯಾಮೆರಾ ಹಾಕು ಎಂದು. ಇವಳು ಆಗಲ್ಲ ಎಂದಿದ್ದಳು. ಆಗ ಅತ್ತಲಿಂದ ಬಂದ ಉತ್ತರ: 'ಹಾಗಾದ್ರೆ ನಿಮ್ಮಮ್ಮಂಗೆ ಎಲ್ಲಾ ಹೇಳ್ತೀನಿ. ಅವ್ರು ಫೋನ್ ಕಿತ್ಕೋತಾರೆ, ಅಲ್ವಾ?'

ಆ ಸಾಲನ್ನು ಎರಡು ಸಲ ಓದಿದೆ. ನನ್ನ ಮಗಳನ್ನು ಹೆದರಿಸಲು ಆ ಯಾರೋ ಬಳಸಿದ್ದು ನನ್ನ ಹೆಸರನ್ನು. ಅದು ನನ್ನ ತಲೆಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ನನಗೆ ಕಂಡದ್ದು ಒಂದೇ. ಇದು ಕೆಳಗಿನವಳಿಗೆ ಮೊದಲೇ ಗೊತ್ತಿತ್ತು. ಸಿಟ್ಟಿನಲ್ಲಿ ಮಗಳ ಎದುರೇ ಆ ಆಪಿನಲ್ಲಿದ್ದ ಅವಳ ಖಾತೆಯನ್ನು ಅಳಿಸಿ ಹಾಕಿದೆ. ಏನೇ ಆದರೂ ಅಳಿಸಬೇಡಿ, ದೂರು ಕೊಡಲು ಬೇಕಾಗುತ್ತದೆ ಎಂದು ಅದೇ ಬೆಳಿಗ್ಗೆ ಮೈಕಿನಲ್ಲಿ ಹೇಳಿ ಬಂದವಳು ನಾನು.

ಕೆಳಗೆ ಇಳಿದು ಹೋದೆ. ವಾರಗಿತ್ತಿ ಎದ್ದು ನಿಂತಳು.

'ನನ್ನ ಮಗಳ ವಿಷಯ ನನಗೆ ಹೇಳದೆ ಬಚ್ಚಿಟ್ಕೊಳ್ಳಕ್ಕೆ ನೀನ್ಯಾರು?'

'ಬಚ್ಚಿಡ್ಲಿಲ್ಲ ಅಕ್ಕ. ಗುರುವಾರ ಸಾಯಂಕಾಲ ಹೇಳಿದ್ಳು. ಅಮ್ಮಂಗೆ ಹೇಳಣ ಅಂದೆ, ಅತ್ತುಬಿಟ್ಳು. ಎರಡು ದಿನ ಟೈಮ್ ಕೊಡ್ತೀನಿ, ನೀನೇ ಹೇಳು, ಇಲ್ದಿದ್ರೆ ಶನಿವಾರ ನಾನೇ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಈಗ ಅದೇ ಮಾತಾಡ್ತಿದ್ವಿ.'

'ಪಿಯುಸಿ ಫೇಲಾದೋಳು ನೀನು. ನಿಂಗೇನು ಗೊತ್ತು ಇಂಟರ್ನೆಟ್ಟು?'

ಆ ಮಾತು ಬಾಯಿಂದ ಬಂದೇಬಿಟ್ಟಿತು. ಮಗಳು ನನ್ನ ಹಿಂದೆಯೇ ಇಳಿದು ಬಂದಿದ್ದಳು, ಅವಳೂ ಕೇಳಿಸಿಕೊಂಡಳು. ವಾರಗಿತ್ತಿಯ ಮುಖ ಕೆಂಪಾಯಿತು. ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ.

'ನಂಗೆ ಗೊತ್ತಿಲ್ಲ ಅಕ್ಕ,' ಅಂದಳು. 'ಅದಕ್ಕೇ ದಿನಾ ಅವಳನ್ನೇ ಕೇಳ್ತಿದ್ದೆ. ಇದೇನು, ಅದ್ಯಾರು, ಇದನ್ನ ಒತ್ತಿದ್ರೆ ಏನಾಗುತ್ತೆ ಅಂತ. ಅವಳೇ ಎಲ್ಲಾ ತೋರಿಸ್ತಿದ್ಳು.'

ಆಮೇಲೆ ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಆ ಮೆಸೇಜುಗಳ ಸ್ಕ್ರೀನ್‌ಶಾಟು, ಒಂದೂ ಬಿಡದೆ, ಅದರಲ್ಲಿತ್ತು. 'ಅವಳು ಹೆದ್ರಿ ಅಳಿಸ್ಬಿಟ್ರೆ ನಿಮಗೆ ತೊಂದ್ರೆ ಆಗುತ್ತೆ ಅಂತ ನಂಗೆ ಕಳ್ಸಕ್ಕೆ ಹೇಳಿದ್ದೆ.'

ಅಳಿಸಿದ್ದು ಅವಳಲ್ಲ, ನಾನು ಎಂದು ಹೇಳುವಷ್ಟು ಧೈರ್ಯ ಆಗ ನನಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ರಜೆ ಹಾಕಿದೆ. ನನ್ನ ಗಂಡ ಬರುತ್ತೇನೆಂದರೂ ಮಗಳು ಬೇಡವೆಂದಳು. ನಾವು ಮೂವರೂ ಹೆಂಗಸರೇ ಪೊಲೀಸ್ ಠಾಣೆಗೆ ಹೋದೆವು. ಸಮವಸ್ತ್ರವಿಲ್ಲದ ಒಬ್ಬ ಮಹಿಳಾ ಪೊಲೀಸ್ ನಮ್ಮನ್ನು ಒಳಗಿನ ಕೋಣೆಯಲ್ಲಿ ಕೂರಿಸಿದರು. 'ನೀನು ಏನೂ ತಪ್ಪು ಮಾಡಿಲ್ಲಮ್ಮ, ನಿಧಾನಕ್ಕೆ ಹೇಳು' ಅಂದರು. ಮಗಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹೇಳುವಷ್ಟು ಹೊತ್ತೂ ಅವಳ ಕೈ ಚಿಕ್ಕಮ್ಮನ ಕೈಯಲ್ಲಿತ್ತು. ನಾನು ಈ ಪಕ್ಕ ಕೂತಿದ್ದೆ, ನನ್ನ ಕೈ ಖಾಲಿ ಇತ್ತು. ಮಗಳಿಗೆ ಬಂದ ಕಷ್ಟದ ನಡುವೆಯೂ ನಾನು ಯಾವ ಕೈ ಯಾರ ಕೈಯಲ್ಲಿದೆ ಎಂದು ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆ ಪೊಲೀಸ್ ಸ್ಕ್ರೀನ್‌ಶಾಟುಗಳನ್ನೆಲ್ಲ ನೋಡಿ, 'ಇದು ಇಲ್ದಿದ್ರೆ ತುಂಬಾ ಕಷ್ಟ ಆಗ್ತಿತ್ತು. ಯಾರು ತೆಗೆದಿಟ್ಟಿದ್ದು? ಮೇಡಂ ನೀವಾ?' ಎಂದು ನನ್ನನ್ನೇ ಕೇಳಿದರು. ಹೌದು ಎಂದುಬಿಡುವ ಆಸೆ ನಾಲಿಗೆಯ ತುದಿಯವರೆಗೆ ಬಂದಿತ್ತು.

'ಇಲ್ಲ, ಇವಳು. ನಾನು ಖಾತೆ ಅಳಿಸಿಬಿಟ್ಟೆ,' ಅಂದೆ.

ಮಗಳು ತಿರುಗಿ ನನ್ನನ್ನು ನೋಡಿದಳು. ವಾರಗಿತ್ತಿ ನೆಲ ನೋಡುತ್ತಿದ್ದಳು.

ಕೆಲವು ವಾರಗಳಾದ ಮೇಲೆ ಠಾಣೆಯಿಂದ ಫೋನು ಬಂತು. ಆ 'ಹುಡುಗಿ' ಚಿಂತಾಮಣಿಯವಳೂ ಅಲ್ಲ, ಹುಡುಗಿಯೂ ಅಲ್ಲ. ಬೇರೆ ಜಿಲ್ಲೆಯ ನಡುವಯಸ್ಸಿನ ಗಂಡಸು. ಇನ್ನೂ ಹಲವು ಮಕ್ಕಳಿಗೆ ಹೀಗೇ ಬರೆದಿದ್ದನಂತೆ. ಅವನನ್ನು ಹಿಡಿದಿದ್ದರು. ಅಂದು ಸಂಜೆ ಕೆಳಗೆ ಹೋಗಿ ಪಿಯುಸಿಯ ಮಾತಿಗೆ ಕ್ಷಮೆ ಕೇಳಿದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

'ಆ ಮಾತು ಇನ್ನೊಂದ್ಸಲ ಆಡ್ಬೇಡಿ ಅಕ್ಕ,' ಅಂದಳು. 'ಮನಸ್ಸಿಗೆ ತುಂಬಾ ನೋವಾಯ್ತು.' ಅಷ್ಟೇ. ಕಾಫಿ ಕುಡಿತೀರಾ ಎಂದು ಆವತ್ತು ಕೇಳಲಿಲ್ಲ. ಕೇಳಲು ಅವಳಿಗೆ ಒಂದು ತಿಂಗಳು ಹಿಡಿಯಿತು.

ಸಭೆಗಳಿಗೆ ಈಗಲೂ ಹೋಗುತ್ತೇನೆ. ನಿಯಮಗಳನ್ನು ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮಗುವಿಗೆ ತೊಂದರೆಯಾದರೆ, ನಿಮಗೆ ಹೇಳಲಾಗದಿದ್ದರೆ, ಬೇರೆ ಯಾರಿಗೆ ಹೇಳುತ್ತದೆ? ಮಂಡಿಕಲ್ಲಿನಲ್ಲಿ ಒಬ್ಬ ತಾಯಿ ಮುಖ ಸಿಂಡರಿಸಿ, 'ಇನ್ಯಾರಿಗೆ, ನಮ್ಮತ್ತೆಗೇ' ಅಂದಳು. ಎಲ್ಲರೂ ನಕ್ಕರು. ಅವಳ ಹೊಟ್ಟೆಯೊಳಗೆ ಏನಾಗುತ್ತಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. 'ಅವರಿಗಾದರೂ ಹೇಳಲಿ ಬಿಡಿ' ಅಂದೆ.

ಮೊನ್ನೆ ಮಗಳು ಅಡುಗೆಮನೆಗೆ ಬಂದು, ಕ್ಲಾಸಿನ ಒಬ್ಬಳು ತನ್ನನ್ನು ಕೇಳದೆ ತನ್ನ ಫೋಟೊವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಾಳೆ ಎಂದಳು. ಒಲೆ ಆರಿಸಿ ಅವಳ ಪಕ್ಕ ಕೂತೆ.

'ಚಿಕ್ಕಮ್ಮಂಗೆ ಹೇಳ್ದಾ?' ಕೇಳಬಾರದಿತ್ತು, ಕೇಳಿದೆ.

'ಹೂಂ, ಆಗ್ಲೇ ಹೇಳ್ದೆ.'

ಒಳಗೆ ಚುರ್ ಎಂದಿತು. ಅದು ಹೋಗುವಂತೆ ಕಾಣುವುದಿಲ್ಲ. 'ಸರಿ, ನಂಗೂ ಮೊದ್ಲಿಂದ ಹೇಳು' ಅಂದೆ. ಅವಳು ಹೇಳಿದಳು.