ನೀಲವ್ವನ ಹಲ್ಲು ಹೇಳಿದ್ದೇ ಖರೆ

“ನಿಮ್ಮ ಮಷಿನ್ ಸುಳ್ಳು ಹೇಳಾಕತ್ತೈತ್ರಿ ಮೇಡಂ! ಜೋಳ ಇನ್ನಾ ಹಸಿ ಐತಿ, ಚೀಲ ತುಂಬಿದ್ರ ಬೀಜ ಕೆಡ್ತೈತಿ” ಎಂದು ಮಸೂತಿ ಗ್ರಾಮದ ರೈತ ಮಹಿಳೆ ನೀಲವ್ವ ಹಲ್ಲಲ್ಲಿ ಕಡಿದಿದ್ದ ಕಾಳನ್ನು ಉಗುಳಿದರು. ಬೀಜ ಸಂಗ್ರಹಣೆ ಕಲಿಯಲು ಇಥಿಯೋಪಿಯಾದಿಂದ ಬಂದಿದ್ದ ಕೃಷಿ ಅಧಿಕಾರಿಗಳ ಎದುರು, ತರಬೇತಿ ಕೊಡುತ್ತಿದ್ದ ನನಗೆ ಮುಖಭಂಗವಾಯಿತು. “ಸುಮ್ನಿರ್ರಿ ನೀಲವ್ವ” ಎಂದು ಗದರಿಯೂ ಬಿಟ್ಟೆ. ಅಷ್ಟರಲ್ಲಿ ಅವರಲ್ಲೊಬ್ಬ ಅಧಿಕಾರಿ ತೇವ ಅಳೆಯುವ ಯಂತ್ರವನ್ನು ತಿರುಗಿಸಿ ನೋಡಿ ನಕ್ಕಳು. ನಾನದನ್ನು ಗೋಧಿಗೆ ಹೊಂದಿಸಿಟ್ಟಿದ್ದೆ! ಜೋಳಕ್ಕೆ ಬದಲಿಸಿ ಮತ್ತೆ ಅಳೆದರೆ, ಗೆದ್ದದ್ದು ನೀಲವ್ವನ ಹಲ್ಲು. “ಒಣಗಿದ ಕಾಳು ಕಟ್ ಅಂತೈತಿ, ಕಡದು ನೋಡ್ರಿ” ಎಂದು ಅವರು ಎಲ್ಲರ ಅಂಗೈಗೂ ಕಾಳು ಹಾಕಿದರು.

ಮೊನ್ನೆ ಆ ಅಧಿಕಾರಿ ತನ್ನ ದೇಶದಿಂದ ವಿಡಿಯೊ ಕಳಿಸಿದ್ದಾಳೆ: ಕಣದ ತುಂಬ ರೈತರು ಕಾಳು ಕಚ್ಚಿ, ಕಟ್ ಎನ್ನುವ ಸದ್ದಿಗೆ ಕಾಯುತ್ತಿದ್ದಾರೆ. ನನ್ನ ತರಬೇತಿಯಲ್ಲೂ ಈಗ ಮೊದಲ ಪಾಠ ನೀಲವ್ವನದೇ. ಯಂತ್ರದ ಪೆಟ್ಟಿಗೆಯನ್ನು ಆಮೇಲೆ ತೆರೆಯುತ್ತೇನೆ.